ಐಸ್ ಟ್ರೇಯ ಹಾಲು

ಮನೆಯಿಂದ
ಮಾರ್ಚ್ ೧೧, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಸೊಸೆಗೆ,

ಕೈ ಹೇಗಿದೆ? ಬೆರಳು ಮಡಚಲು ಬರುತ್ತಿದೆಯೇ? ಪಟ್ಟಿ ಬಿಚ್ಚಿದ್ದಾರೆಂದು ನಿನ್ನ ಅಮ್ಮ ಫೋನಿನಲ್ಲಿ ಹೇಳಿದರು. ಅದಕ್ಕಿಂತ ಹೆಚ್ಚು ಅವರೂ ಹೇಳಲಿಲ್ಲ, ನಾನೂ ಕೆದಕಲಿಲ್ಲ. ನನ್ನ ಮಂಡಿನೋವು ಇದ್ದ ಹಾಗೇ ಇದೆ. ಸಕ್ಕರೆ ಕಾಯಿಲೆ ಹತೋಟಿಯಲ್ಲಿದೆ ಎನ್ನುತ್ತಾರೆ ಡಾಕ್ಟರು, ಅವರಿಗೇನು ಗೊತ್ತು. ನಿನ್ನ ಗಂಡ ಕೆಲಸಕ್ಕೆ ಹೋಗುತ್ತಾನೆ, ಬರುತ್ತಾನೆ, ಟಿವಿ ಮುಂದೆ ಕೂರುತ್ತಾನೆ. ಉಂಡ ತಟ್ಟೆಯನ್ನು ಈಗ ತಾನೇ ತೊಳೆಯುತ್ತಾನೆ. ಈ ಬುದ್ಧಿ ನೀನಿದ್ದಾಗ ಎಲ್ಲಿತ್ತೋ.

ನೀನು ಮನೆಯಲ್ಲೇ ಮಾಡಿ, ಒಣಗಲೆಂದು ಬೀರುವಿನ ಮೇಲೆ ಜೋಡಿಸಿಟ್ಟು ಹೋದ ಮೊಸರಿನ ಸೋಪುಗಳಿಗೆ ಮೊನ್ನೆ ಆರು ವಾರ ತುಂಬಿತು. ನಿನ್ನ ನೋಟ್‌ಬುಕ್ಕಿನಲ್ಲಿ ಬರೆದಂತೆ ವಾರಕ್ಕೊಮ್ಮೆ ಒಂದೊಂದನ್ನೂ ಮಗ್ಗುಲು ಬದಲಿಸಿಟ್ಟೆ. ಚೆನ್ನಾಗಿ ಗಟ್ಟಿಯಾಗಿವೆ, ಬೆಣ್ಣೆಯ ಬಣ್ಣ ಬಂದಿದೆ. ನಗಬೇಡ, ನಿನ್ನೆ ಒಂದನ್ನು ತೆಗೆದುಕೊಂಡು ಸ್ನಾನ ಮಾಡಿದೆ. "ಹಾಲು ಮೊಸರು ಇರೋದು ಹೊಟ್ಟೆಗೆ ಕಣೇ, ಬಚ್ಚಲಿಗಲ್ಲ" ಎಂದು ನಿನ್ನನ್ನು ಹಂಗಿಸುತ್ತಿದ್ದವಳು ನಾನೇ. ಸ್ನಾನವಾದ ಮೇಲೆ ಯಾವಾಗಲೂ ಬಿಗಿಯುತ್ತಿದ್ದ ಚರ್ಮ ನಿನ್ನೆ ಬಿಗಿಯಲಿಲ್ಲ. ಬಚ್ಚಲಿನ ಸ್ಟೂಲಿನ ಮೇಲೆ ಕೂತು ಬಹಳ ಹೊತ್ತು ಅಳುತ್ತಿದ್ದೆ.

ಆ ದಿನದ ಪಾತ್ರೆಯನ್ನು ಇನ್ನೂ ಎಸೆದಿಲ್ಲ. ತಳದ ಕಂದು ಕಲೆ ಎಷ್ಟು ಉಜ್ಜಿದರೂ ಹೋಗುತ್ತಿಲ್ಲ. ನೀನು ಎಂದಿನಂತೆ ಕನ್ನಡಕ, ಕೈಗವಸು ಹಾಕಿಕೊಂಡು, ತಕ್ಕಡಿಯಲ್ಲಿ ಎರಡೆರಡು ಸಲ ತೂಗಿ, ಹೊಸ ಸೋಪಿಗೆಂದು ಐಸಿನಂತೆ ಗಡ್ಡೆಕಟ್ಟಿಸಿದ ಹಾಲಿನ ಮೇಲೆ ಕಾಸ್ಟಿಕ್ ಸೋಡಾವನ್ನು ಚಮಚ ಚಮಚವಾಗಿ ಉದುರಿಸುತ್ತಿದ್ದೆ. ಹಾಲು ಕಂದಾಯಿತು, ಬುಸ್ಸೆಂದು ಉಕ್ಕಿತು. ನೀನು ಪಾತ್ರೆಯನ್ನು ಸಿಂಕಿಗೆ ಎತ್ತಿಡಲು ಹೋದಾಗ ಉಕ್ಕಿದ ಹಾಲು ಕೈಗವಸಿನ ಒಳಕ್ಕೇ ಇಳಿಯಿತು. ನಾನು ನಲ್ಲಿ ತಿರುಗಿಸಿದೆ. ಓಡಿಬಂದ ನನ್ನ ಮಗ ಮೊದಲು ಕೇಳಿದ್ದು "ಎಷ್ಟು ಹಾಕ್ದೆ?" ಎಂದು. ಆಮೇಲೆ "ನಿನ್ನ ಕೈಲಿ ಒಂದು ಕೆಲಸಾನೂ ನೆಟ್ಟಗಾಗಲ್ಲ" ಎಂದ. ಆಸ್ಪತ್ರೆಯಲ್ಲಿ ನರ್ಸಿನ ಮುಂದೆಯೂ ಅದನ್ನೇ ಹೇಳಿದ. "ಅಳತೆ ಸರಿಯಾಗೇ ಇತ್ತು ಅತ್ತೆ, ನೀವೇ ನೋಡಿದ್ರಲ್ಲ" ಎಂದು ನೀನು ನನ್ನ ಮುಖ ನೋಡಿದೆ. ನಾನು ತುಟಿ ಪಿಟಕ್ಕೆನ್ನಲಿಲ್ಲ.

ನಾಲ್ಕನೇ ದಿನ ತವರಿಗೆ ಹೊರಡುವಾಗ ತಕ್ಕಡಿಯನ್ನು ಪಕ್ಕದ ಮನೆಯವರಿಗೆ ಕೊಟ್ಟೆಯಂತೆ. "ನನ್ನ ಕೈನ ನಾನೇ ನಂಬಲ್ಲ" ಅಂದೆಯಂತೆ. ಅದು ಕಿವಿಗೆ ಬಿದ್ದ ದಿನವೇ ನಿನ್ನ ನೋಟ್‌ಬುಕ್ಕನ್ನು ಮೊದಲಿನಿಂದ ಓದಲು ಕೂತೆ.

ನಿನ್ನ ಅಮ್ಮನಿಗೆ ನನ್ನ ನಮಸ್ಕಾರ ಹೇಳು. ನಾನು ಎಂದಾದರೂ ಒಳ್ಳೆಯದು ಮಾಡಿದ್ದರೆ ಅದೆಲ್ಲ ನಿನ್ನ ಕೈ ಗುಣವಾಗುವುದಕ್ಕೇ ಸಲ್ಲಲಿ.

ನಿನ್ನ
ಅತ್ತೆ

ಹೇಳುವುದು ಮರೆತೆ. ಇಲ್ಲ, ಮರೆತಿರಲಿಲ್ಲ, ಧೈರ್ಯ ಬಂದಿರಲಿಲ್ಲ. ನಿನ್ನ ಕೈ ಸುಟ್ಟ ಹಿಂದಿನ ದಿನ ನೀವಿಬ್ಬರೂ ಹೊರಗೆ ಹೋಗಿದ್ದಾಗ, ಸೋಪಿಗೆಂದು ನೀನು ಐಸ್ ಟ್ರೇಯಲ್ಲಿ ಇಟ್ಟಿದ್ದ ಹಾಲನ್ನು ತೆಗೆದು ಕಾಯಿಸಿ, ಐದು ಚಮಚ ಸಕ್ಕರೆ ಹಾಕಿಕೊಂಡೆ. ಡಾಕ್ಟರು ಬೇಡವೆಂದ ಸಕ್ಕರೆ, ನಾಲಿಗೆ ಕೇಳಲಿಲ್ಲ. ಎರಡು ಗುಟುಕು ಕುಡಿಯುವಷ್ಟರಲ್ಲಿ ಗೇಟಿನ ಸದ್ದಾಯಿತು. ಸಿಕ್ಕಿಬೀಳುತ್ತೇನೆಂದು, ಕಡಿಮೆಯಾದಷ್ಟು ಬೇರೆ ಹಾಲು ಬೆರೆಸಿ ಮತ್ತೆ ಟ್ರೇಗೇ ಸುರಿದು ಫ್ರಿಜ್ಜಿನೊಳಗೆ ಇಟ್ಟುಬಿಟ್ಟೆ. ಪಾತ್ರೆ ಉಕ್ಕಿದಾಗ ಸುಟ್ಟ ಸಕ್ಕರೆಯ ವಾಸನೆ ನನ್ನ ಮೂಗಿಗೆ ಬಡಿದಿತ್ತು. ನಿನ್ನ ನೋಟ್‌ಬುಕ್ಕಿನ ಒಂಬತ್ತನೇ ಪುಟ ಓದಿದ ಮೇಲೆ ಖಾತ್ರಿಯಾಯಿತು: "ಈ ಹಾಲಿಗೆ ಸಕ್ಕರೆ, ಜೇನು ಬೀಳಬಾರದು, ಕಾವು ಏರಿ ಉಕ್ಕುತ್ತೆ." ನಿನ್ನ ಅಳತೆ ಸರಿಯಾಗಿತ್ತು. ನಿನ್ನ ಕೈ ತಪ್ಪು ಮಾಡಲಿಲ್ಲ. ಈ ಕಾಗದವನ್ನು ಅಂಚೆಗೆ ಹಾಕಲು ನಿನ್ನ ಗಂಡನ ಕೈಗೇ ಕೊಡುತ್ತಿದ್ದೇನೆ. ಲಕೋಟೆ ಅಂಟಿಸಿಲ್ಲ.