ವಾಲ್ವ್‌ನ ಕೀಲಿ ಯಾರ ಕೈಯಲ್ಲಿರಬೇಕು?

ಮಾನ್ಯ ಮುಖ್ಯಾಧಿಕಾರಿಗಳೇ,

ನಾಳೆ ಬೆಳಿಗ್ಗೆ ಆರಕ್ಕೆ ನಮ್ಮ ಬೀದಿಗೆ ನೀರು ಬಿಡಿಸುತ್ತೀರಿ. ಬಿಡಿಸಬೇಡಿ. ಉಳಿದದ್ದೆಲ್ಲ ಇದರ ವಿವರಣೆ. ಪುರುಸೊತ್ತಿಲ್ಲದಿದ್ದರೆ ಇಷ್ಟು ಓದಿ ಸಹಿ ಹಾಕಿದರೂ ಸಾಕು. ಕಣ್ತಪ್ಪಿ ಹೋಗಬಾರದೆಂದು ಈ ಪತ್ರವನ್ನು ನಿಮ್ಮ ಕಚೇರಿಯ ಬಾಗಿಲಿಗೇ ಅಂಟಿಸುತ್ತಿದ್ದೇನೆ.

ಹೋದ ವಾರ ಮೂಲೆಯ ಆಸ್ಪತ್ರೆಯ ನರ್ಸಮ್ಮ ಒಂದು ಸಂಗತಿ ಗಮನಿಸಿದರು. ವಾಂತಿಭೇದಿಯೆಂದು ಬಂದ ಹನ್ನೊಂದು ಜನರೂ ಹಳೇ ಟ್ಯಾಂಕಿನ ನೀರು ಕುಡಿಯುವವರು. ಬೋರ್‌ವೆಲ್ ಇರುವ ಎದುರು ಸಾಲಿನಲ್ಲಿ ಒಬ್ಬರಿಗೂ ಕಾಯಿಲೆಯಿಲ್ಲ. ಆಕೆ ನೇರವಾಗಿ ನೀರು ಬಿಡುವವನ ಬಳಿ ಹೋಗಿ, "ಆ ವಾಲ್ವ್ ಮುಚ್ಚಪ್ಪ" ಎಂದರು.

"ಕೀಲಿ ನನ್ ಸೊಂಟದಲ್ಲೇ ಇದೆ ಸಿಸ್ಟರ್. ಆದ್ರೆ ಸೊಂಟ ಸಾಹೇಬ್ರದ್ದು" ಎಂದ ಅವನು.

ಸಾಹೇಬರಾದ ತಾವು ಏನೆಂದಿರಿ? "ನಿಮ್ಮ ಕೆಲ್ಸ ಸೂಜಿ ಚುಚ್ಚೋದು, ಅದನ್ನ ಮಾಡಿ. ಸಮಿತಿ ಕೂತು ನೋಡುತ್ತೆ." ಸಮಿತಿ ಕೂತಿತು, ನೋಡಲಿಲ್ಲ. ಸಮಿತಿಗೆ ಮಿತಿಯಿಲ್ಲ, ರೋಗಕ್ಕೆ ತಾಳ್ಮೆಯಿಲ್ಲ. ನಡುವೆ ಸಿಕ್ಕಿಕೊಂಡವರು ನಾವು.

ನಾನು ಬೋರ್ಡು ಬರೆದು ಬದುಕಿದವನು. ಬೀದಿಗೆಲ್ಲ ಗೊತ್ತಿರುವ ಕಿಡಿಗೇಡಿ. ಕ್ಷೌರದಂಗಡಿಯ ಬಾಗಿಲಿಗೆ 'ತಲೆ ಇದ್ದವರಿಗೆ ಮಾತ್ರ ಪ್ರವೇಶ' ಎಂದು ಬರೆದವನೂ ನಾನೇ. ಈ ಸಲ ಟ್ಯಾಂಕಿಗೆ ಒಂದು ಬೋರ್ಡು ತೂಗುಹಾಕಿದೆ: 'ಒಳಗೆ ಹಾವು ಸತ್ತುಬಿದ್ದಿದೆ. ಕುಡಿಯಬೇಡಿ.' ಕಾಣದ ಕ್ರಿಮಿಗೆ ಹೆದರದ ಜನ ಇಲ್ಲದ ಹಾವಿಗೆ ಹೆದರಿದರು. ಎದುರು ಸಾಲಿನಿಂದ ಕೊಡ ಹೊತ್ತರು. ಮೂರನೆಯ ದಿನ ನರ್ಸಮ್ಮನ ಬಳಿ ಹೊಸ ರೋಗಿ ಒಬ್ಬರೂ ಬರಲಿಲ್ಲ.

ನಾಲ್ಕನೆಯ ದಿನ ನಿಮ್ಮ ಜೀಪು ಬಂತು. ಹಾವು ಹುಡುಕಿದಿರಿ, ಸಿಗಲಿಲ್ಲ. ನನ್ನ ಬೋರ್ಡು ಕಿತ್ತು, ಮುದ್ರೆ ಒತ್ತಿದ ಕಾಗದ ಅಂಟಿಸಿದಿರಿ: 'ನೀರು ಶುದ್ಧವಾಗಿದೆ. ವದಂತಿ ನಂಬಬೇಡಿ.' ಹಾವಿಲ್ಲದ ನೀರೆಲ್ಲ ಶುದ್ಧವೇ, ಸ್ವಾಮಿ? ಒಂದು ಬಾಟಲಿ ನೀರನ್ನಾದರೂ ಪರೀಕ್ಷೆಗೆ ಕಳಿಸಿದಿರಾ?

ನನ್ನ ತಂಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಎಪ್ಪತ್ತಾದ್ರೂ ನಿಂಗೆ ಬುದ್ಧಿ ಬರ್ಲಿಲ್ವಲ್ಲೋ ಅಣ್ಣಾ! ಮೂರು ದಿನ ಸುಮ್‌ಸುಮ್ನೆ ಕೊಡ ಹೊರಿಸ್ದೆ!"

"ಹಾವು ಸುಳ್ಳು ಕಣೇ, ನೀರು ಕೆಟ್ಟಿರೋದು ನಿಜ" ಎಂದೆ.

"ಹೋಗೋ, ಮುದ್ರೆ ಹಾಕಿದಾರೆ" ಎಂದು ನನ್ನೆದುರೇ ಎರಡು ಲೋಟ ಕುಡಿದಳು.

ಈಗ ಆಸ್ಪತ್ರೆಯ ಬೆಂಚಿನ ಮೇಲೆ ಮಲಗಿದ್ದಾಳೆ. ಕೈಗೆ ಡ್ರಿಪ್ಪು. ಬೆರಳು ಸೊರಗಿ ಉಂಗುರ ತಾನಾಗಿಯೇ ಜಾರಿತು. ಅದು ನನ್ನ ಜೇಬಿನಲ್ಲಿದೆ. ನಿನ್ನೆಯಿಂದ ಅವಳು ನನ್ನನ್ನು ಬೈದಿಲ್ಲ.

ನರ್ಸಮ್ಮ ಮನೆಮನೆಗೆ ಹೋಗಿ ನೀರು ಕುದಿಸಿರೆಂದು ಹೇಳಿದರೆ ಬಾಗಿಲಲ್ಲೇ ನಗು: "ಯಾಕೆ ಸಿಸ್ಟರ್, ಈ ಸಲ ಮೊಸಳೆನಾ?" ಅದು ನನ್ನ ತಪ್ಪು, ಒಪ್ಪಿದೆ. ನನ್ನ ಸುಳ್ಳು ಆಕೆಯ ನಿಜವನ್ನೂ ನುಂಗಿತು. ಈಗ ಜನ ನಂಬುವುದು ನಿಮ್ಮ ಮುದ್ರೆಯೊಂದನ್ನೇ. ನನಗೆ ಭಯವಿರುವುದೂ ಅದಕ್ಕೇ.

ಕುರ್ಚಿ ನಿಮ್ಮದೇ ಇರಲಿ, ಯಾರೂ ಕಿತ್ತುಕೊಳ್ಳುವುದಿಲ್ಲ. ಆದರೆ ಈ ರೋಗ ತೊಲಗುವ ತನಕ ವಾಲ್ವ್ ತೆರೆಯುವ, ಮುಚ್ಚುವ ಅಧಿಕಾರ ನರ್ಸಮ್ಮನದು ಎಂದು ಒಂದು ಸಾಲು ಬರೆದು, ಅದಕ್ಕೂ ಅದೇ ಮುದ್ರೆ ಒತ್ತಿ. ಆರು ಗಂಟೆಗೆ ಮೊದಲು.

ನಲ್ಲಿಯ ಮುಂದೆ ಈಗಾಗಲೇ ಕೊಡಗಳ ಸಾಲು. ಮೊದಲನೆಯದು ಪಕ್ಕದ ಮನೆಯ ಬಸುರಿಯದು. ನಾನು ಎತ್ತಿ ಅತ್ತ ಇಟ್ಟೆ. ಅವಳು ನಗುತ್ತಾ ಮತ್ತೆ ತಂದಿಟ್ಟಳು.

ಇಂತಿ,
ಇಲ್ಲದ ಹಾವು ಬಿಟ್ಟು ಸಿಕ್ಕಿಬಿದ್ದ
ಬೋರ್ಡು ಬರೆಯುವ ಮುದುಕ