ಕೈ ತೆಗೆದು ನೋಡು

ಮನೆಯಿಂದ,
ಹದಿನಾಲ್ಕನೇ ತಾರೀಖು, ಭಾನುವಾರ ಬೆಳಗ್ಗೆ

ಪ್ರೀತಿಯ ತಮ್ಮಾ,

ಹೇಗಿದ್ದೀಯಪ್ಪಾ? ಮಂಡಿನೋವು ಹೇಗಿದೆ? ಮೂರನೇ ಮಹಡಿ ಮನೆ ಬಿಟ್ಟು ಕೆಳಗಿನ ಮನೆಗೆ ಬಂದಿದ್ದೀಯಂತೆ, ಪುಟ್ಟಿ ಹೇಳಿದಳು. ಒಳ್ಳೇ ಕೆಲಸ ಮಾಡಿದೆ. ನಿನ್ನ ಸುದ್ದಿ ಏನಿದ್ದರೂ ನನ್ನ ಮಗಳ ಬಾಯಿಂದಲೇ ಕೇಳಬೇಕು. ಚಿಕ್ಕಪ್ಪ ಅಂದ್ರೆ ಅವಳಿಗೆ ಪ್ರಾಣ. ನನಗೆ ನೀನು ಬರೆಯದೆ ಮೂರು ವರ್ಷವಾಯಿತು. ಯಾಕೆ ಬರೆಯಲ್ಲ ಅಂತ ಕೇಳೋಕೆ ನನಗೆ ಮುಖವೂ ಇಲ್ಲ. ಮೊದಲು 'ಆಶೀರ್ವಾದಗಳು' ಅಂತ ಶುರು ಮಾಡಿದ್ದೆ. ಅದನ್ನ ಬರೆಯೋ ಯೋಗ್ಯತೆ ನಿನಗಿದೆಯೇನೋ ಮುದುಕ ಅಂತ ನನ್ನನ್ನೇ ಕೇಳಿಕೊಂಡು ಆ ಹಾಳೆ ಹರಿದು ಹಾಕಿದೆ. ಅಕ್ಷರ ಸೊಟ್ಟಪಟ್ಟ ಇದೆ, ತಾಳ್ಮೆಯಿಂದ ಓದು. ನಿನ್ನ ಅತ್ತಿಗೆ ತಾನೇ ಬರೆದುಕೊಡ್ತೀನಿ ಅಂದಳು, ಬೇಡ ಅಂದೆ.

ನಿವೃತ್ತಿಯಾದ ಮೇಲೆ ನಾನು ಮನೇಲಿ ಕೂತು ಎಲ್ಲರ ತಲೆ ತಿಂತಿದ್ದೀನಿ ಅಂತ ಪುಟ್ಟಿ ಹೋದ ತಿಂಗಳು ಬಂದಾಗ ಕಂಪ್ಯೂಟರಿಗೆ ಒಂದು ವಿಮಾನ ಓಡಿಸೋ ಆಟ ಹಾಕಿಕೊಟ್ಟಳು. ಜೊತೆಗೊಂದು ಜಾಯ್‌ಸ್ಟಿಕ್ಕು. ನಮ್ಮ ಕ್ರೇನಿನ ಲಿವರಿನ ಮರಿ ಅಂದುಕೋ, ಹಿಡಿ ಮುಂದೆ ತಳ್ಳಿದರೆ ವಿಮಾನದ ಮೂತಿ ಕೆಳಗೆ, ಹಿಂದೆ ಎಳೆದರೆ ಮೇಲೆ. ಮೂವತ್ತೊಂದು ವರ್ಷ ಯಾರ್ಡಿನ ಕ್ರೇನ್ ಓಡಿಸಿದವನಿಗೆ ಇದು ಯಾವ ಲೆಕ್ಕ ಅಂತ ಮೀಸೆ ತಿರುವಿಕೊಂಡು ಕೂತೆ. ಮೇಲೇನೋ ಏರಿತು. ಇಳಿಸುವಾಗ ನೋಡು, ಮೂತಿ ಎತ್ತಿ ಎತ್ತಿ ಕುಕ್ಕೋದು, ರೆಕ್ಕೆ ಆಕಡೆ ಈಕಡೆ ವಾಲೋದು! ಹತ್ತು ಸಲ ಇಳಿಸಿದೆ, ಹತ್ತು ಸಲವೂ ರನ್‌ವೇ ಪಕ್ಕದ ಹುಲ್ಲಿನಲ್ಲಿ ಮಗುಚಿಕೊಂಡಿತು. ಜಾಯ್‌ಸ್ಟಿಕ್ ಜರ್ಕ್ ಹೊಡೀತಿದೆ ಅಂತ ತೀರ್ಪು ಕೊಟ್ಟೆ. ತೀರ್ಪು ಕೊಡೋದರಲ್ಲಿ ನಿನ್ನಣ್ಣ ಎಷ್ಟು ಚುರುಕು ಅಂತ ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು.

ಆಮೇಲೆ ಶುರುವಾಯಿತು ರಿಪೇರಿ. ವೈರು ಕಿತ್ತು ಕಂಪ್ಯೂಟರಿನ ಹಿಂಭಾಗಕ್ಕೆ ಚುಚ್ಚಿದೆ. ಪುಟ್ಟಿ ಫೋನಿನಲ್ಲಿ ಹೇಳಿದ ಹಾಗೆ ಹಿಡಿಯನ್ನ ಮೂಲೆಯಿಂದ ಮೂಲೆಗೆ ತಿರುಗಿಸಿ ಅಳತೆ ಹೊಸದಾಗಿ ಕೂರಿಸಿದೆ. ಬುಡದ ಸ್ಕ್ರೂ ಬಿಚ್ಚಿ, ಹಳೇ ಹಲ್ಲುಜ್ಜೋ ಬ್ರಶ್ಶು ತಗೊಂಡು ಧೂಳು ಹೊಡೆಯೋಕೆ ಹೋದರೆ ಒಳಗೆ ಧೂಳೇ ಇಲ್ಲ, ಫಳಫಳ ಅಂತಿದೆ! ತಿರುಗಿ ಸ್ಕ್ರೂ ಹಾಕೋಕೆ ಮುಕ್ಕಾಲು ಗಂಟೆ ಹಿಡಿಯಿತು, ಎರಡು ಸ್ಕ್ರೂ ಕೈಜಾರಿ ಮಂಚದ ಕೆಳಗೆ ಹೋದವು. ಕೊನೆಗೆ ಅದನ್ನ ಚೀಲಕ್ಕೆ ಹಾಕಿಕೊಂಡು ಅಂಗಡಿಗೆ ಹೋದೆ. ಅಂಗಡಿಯವನು ಅಲ್ಲೇ ಹಚ್ಚಿ ನೋಡಿ, "ಸರಿಯಾಗೇ ಇದೆಯಲ್ಲ ಸಾರ್" ಅಂದ. ನನಗೇ ಹೇಳಿಕೊಡೋಕೆ ಬರ್ತೀಯಾ ಅಂತ ಹತ್ತು ಜನರ ಮುಂದೆ ಕೂಗಾಡಿದೆ. ಪಾಪ, ಅದನ್ನ ವಾಪಸ್ ತಗೊಂಡು ಬೇರೆ ಕೊಟ್ಟ. ಅದನ್ನ ತಂದು ಹಚ್ಚಿದರೆ ಅದರದ್ದೂ ಅದೇ ರಾಗ.

ಮೊನ್ನೆ ಸಾಯಂಕಾಲ ನಿನ್ನ ಅತ್ತಿಗೆ ಬಂದು, "ಎಲ್ಲಿ, ಸರೀರಿ ಸ್ವಲ್ಪ" ಅಂತ ಕೂತಳು. ಜನ್ಮದಲ್ಲಿ ಸೈಕಲ್ ತುಳಿದವಳಲ್ಲ. ಎರಡು ಸಲ ಬೀಳಿಸಿದಳು, ಮೂರನೇ ಸಲ ವಿಮಾನವನ್ನ ಬೆಣ್ಣೆ ಇಟ್ಟ ಹಾಗೆ ನೆಲಕ್ಕಿಟ್ಟು, "ಇಷ್ಟೇನಾ?" ಅಂತ ಕೇಳಿದಳು. ಒಲೆ ಮೇಲೆ ಹಾಲಿಟ್ಟಿದ್ದೀನಿ ಅಂತ ಎದ್ದೂ ಹೋದಳು. ನನಗೆ ಮೈಯೆಲ್ಲ ಉರಿದುಹೋಯಿತು. ಅಳತೆ ಕೂರಿಸೋ ಪರದೆ ತೆಗೆದೆ. ಅಲ್ಲೊಂದು ಚೌಕ, ಅದರೊಳಗೆ ಒಂದು ಕೂಡುವ ಗುರುತು, ಹಿಡಿ ಹೋದ ಕಡೆ ಅದೂ ಹೋಗುತ್ತೆ. ಯಾರೂ ಮುಟ್ಟದೆ ಇದ್ದಾಗ ಮೊಳೆ ಹೊಡೆದ ಹಾಗೆ ನಿಂತಿತ್ತು. ನಾನು ಬಲಗೈ ಇಟ್ಟೆ, ನಡುಗೋಕೆ ಶುರುವಾಯಿತು. ತೆಗೆದೆ, ನಿಂತಿತು. ಎಡಗೈ ಇಟ್ಟೆ, ಆಗಲೂ ನಿಂತೇ ಇತ್ತು. ಮತ್ತೆ ಬಲಗೈ, ಮತ್ತೆ ನಡುಕ. ಹಾಲು ಉಕ್ಕಿದ ವಾಸನೆ ಬಂತು, ಅತ್ತಿಗೆ ಅಡುಗೆಮನೇಲಿ ಏನೋ ಗೊಣಗ್ತಿದ್ದಳು, ನಾನು ಅಲ್ಲೇ ಕೂತಿದ್ದೆ.

ಯಾರ್ಡಿನಲ್ಲಿ ಎಲ್ಲರೂ ನಿನ್ನನ್ನ ಡಾಕ್ಟ್ರೇ ಅಂತಿದ್ದರು, ನೆನಪಿದೆಯಾ? ಯಾವ ಮೆಷಿನ್ ಕೆಟ್ಟಿದೆ ಅಂದರೂ ನಿನ್ನದು ಒಂದೇ ಮಾತು: "ಮೊದಲು ಕೈ ತೆಗೆದು ನೋಡಿ. ಕೈ ಇಲ್ಲದಾಗಲೂ ಅಲ್ಲಾಡಿದರೆ ಆಗ ನನ್ನ ಕರೀರಿ." ಅವತ್ತು ವಿಚಾರಣೆಯ ದಿನವೂ ನೀನು ಅದನ್ನೇ ಕೇಳಿದೆ. ನಾನು ಎತ್ತಿದ್ದ ಪೈಪಿನ ಕಟ್ಟು ತೂಗಿ ಹೋಗಿ ಕೆಳಗೆ ಸಿಗ್ನಲ್ ಕೊಡ್ತಿದ್ದವನ ಕಾಲಿನ ಮೇಲೆ ಬಿದ್ದು, ಅವನ ಎರಡು ಬೆರಳು ಹೋಗಿದ್ದವು. ಮ್ಯಾನೇಜರ್ ಮುಂದೆ ನಿಂತು ನಾನು, "ಲಿವರ್ ಜರ್ಕ್ ಹೊಡೀತು ಸಾರ್, ಹಿಂದಿನ ದಿನ ಸರ್ವಿಸ್ ಮಾಡಿದ್ದು ನನ್ನ ತಮ್ಮನೇ, ತಮ್ಮ ಅಂತ ನಾನು ಸುಳ್ಳು ಹೇಳೋಕಾಗಲ್ಲ" ಅಂದೆ. ಎಂಥಾ ಸತ್ಯಸಂಧ ನೋಡು! ನೀನು ಮೆಲ್ಲಗೆ, "ಅಣ್ಣಾ, ಒಂದ್ಸಲ ಕೈ ತೆಗೆದು ನೋಡಿದ್ಯಾ?" ಅಂದೆ, ಅಷ್ಟೇ. ನಾನು ಮೇಜು ಗುದ್ದಿ ಎಲ್ಲರೆದುರು ನಿನ್ನ ಮಾನ ತೆಗೆದೆ. ನಿನ್ನ ಕೆಲಸ ಹೋಯಿತು, ಬೇರೆ ಯಾವ ಯಾರ್ಡಿನವರೂ ನಿನ್ನ ಸೇರಿಸಲಿಲ್ಲ. ಅಂಥಾ ಕೈಯವನು ಈಗ ಹೊಲಿಗೆ ಮೆಷಿನ್ ರಿಪೇರಿ ಮಾಡಿಕೊಂಡಿದ್ದೀಯ. ನನಗೆ ನಿವೃತ್ತಿಯ ದಿನ ಗೋಡೆ ಗಡಿಯಾರ ಕೊಟ್ಟು, ಚಪ್ಪಾಳೆ ಹೊಡೆದು ಕಳಿಸಿದರು. ಅದನ್ನ ನೋಡಿದಾಗಲೆಲ್ಲ ನಾಚಿಕೆಯಾಗುತ್ತೆ, ನಿನ್ನೆ ಇಳಿಸಿ ಗೋಡೆಗೆ ಮುಖ ಮಾಡಿ ಇಟ್ಟಿದ್ದೀನಿ.

ನಿನ್ನೆ ಡಾಕ್ಟರ ಹತ್ತಿರ ಹೋಗಿದ್ದೆ, ಇದು ನಿನ್ನ ಡಾಕ್ಟರಿಕೆ ಅಲ್ಲ, ನಿಜವಾದವರು. ನರದ ತೊಂದರೆಯಂತೆ, ಮೆಲ್ಲಗೆ ಬೆಳೆಯುವಂಥದ್ದು, ಎಷ್ಟೋ ವರ್ಷದಿಂದ ಇದ್ದಿರಬೇಕು ಅಂದರು. ಮ್ಯಾನೇಜರಿಗೆ ಕಾಗದ ಬರೆದಿದ್ದೀನಿ. ಲಿವರಿನಲ್ಲಿ ತಪ್ಪಿರಲಿಲ್ಲ, ನನ್ನ ಕೈಯಲ್ಲಿತ್ತು, ಅದು ನನಗೇ ತಿಳಿದಿರಲಿಲ್ಲ ಅಂತ. ಅದರ ನಕಲು ಇದರ ಜೊತೆಗಿದೆ. ತಿಳಿಯದೆ ಆದ ತಪ್ಪು ಅಂತ ಕ್ಷಮಿಸೋಕಾದರೆ ಕ್ಷಮಿಸು, ಆಗದಿದ್ದರೆ ಬೇಡ, ಒತ್ತಾಯವಿಲ್ಲ. ಮಂಡಿಗೆ ಬಿಸಿನೀರಿನ ಶಾಖ ತಪ್ಪಿಸಬೇಡ. ನಿನ್ನ ಹೆಂಡತಿಗೆ ನಾನು ಕೇಳಿದೆ ಅಂತ ಹೇಳು, ಅವಳು ಬೈದರೆ ಆ ಬೈಗುಳವನ್ನೂ ನನಗೆ ಬರೆದು ಕಳಿಸು.

ಇಂತಿ ಅಣ್ಣ ಅಂತ ಕರೆಸಿಕೊಳ್ಳೋಕೆ ಮುಖವಿಲ್ಲದ,
ನಿನ್ನ ಅಣ್ಣ

ಮರೆತೆ ಅಂತ ಬರೀತಿಲ್ಲ, ಮರೆಯೋಕಾಗದೆ ಬರೀತಿದ್ದೀನಿ. ಲಕೋಟೆಗೆ ಅಂಟು ಹಚ್ಚಿ ಮತ್ತೆ ಬಿಚ್ಚಿದೆ. ಮೇಲೆ ಹೇಳಿದ ನಕಲು ಹುಡುಕಬೇಡ, ಮ್ಯಾನೇಜರಿಗೆ ಬರೆದದ್ದನ್ನೂ ಅದನ್ನೂ ಹರಿದೆ. ಬೇರೆ ಬರೆದಿದ್ದೀನಿ, ಅದರ ನಕಲು ಇಟ್ಟಿದ್ದೀನಿ, ಮೊದಲು ಅದನ್ನ ಓದು. ನನಗೆ ತಿಳಿದಿರಲಿಲ್ಲ ಅಂದದ್ದು ಸುಳ್ಳು. ಅವತ್ತು ಬೆಳಗ್ಗೆ ಕ್ರೇನ್ ಹತ್ತೋ ಮೊದಲೇ ಚಹಾ ಕೈಮೇಲೆ ಚೆಲ್ಲಿತ್ತು. ರಜೆ ಕೇಳಿದರೆ ಕ್ಯಾಬಿನ್ನಿಂದ ಇಳಿಸಿಬಿಡ್ತಾರೆ ಅಂತ ಮಣಿಕಟ್ಟಿಗೆ ಕರ್ಚೀಫ್ ಬಿಗಿದುಕೊಂಡು ಹತ್ತಿದೆ. ಕೆಳಗೆ ಅವನು ಕಿರುಚಿಕೊಂಡ ಮೇಲೆ, ಜನ ಓಡಿ ಬರೋ ಮೊದಲು, ಒಬ್ಬನೇ ಇದ್ದೆ. ನೀನು ಕೇಳಿದೆಯಲ್ಲ, ಒಂದ್ಸಲ ಕೈ ತೆಗೆದು ನೋಡಿದ್ಯಾ ಅಂತ. ನೋಡಿದ್ದೆ ಕಣೋ. ಲಿವರ್ ಅಲ್ಲಾಡಿರಲಿಲ್ಲ.