ಹಸಿದ ಕೌದಿ

ಚಿಕ್ಕೋಡಿ
೧೮ ನವೆಂಬರ್ ೨೦೧೭, ಶನಿವಾರ

ಸುಂದ್ರವ್ವ ಜಕ್ಕಪ್ಪ ಕಾಂಬಳೆ ಅವರಿಗೆ,
ಕಬ್ಬೂರ.

ಚಂಪಾಬಾಯಿ ಬಾಪುಸಾಹೇಬ ಚೌಗಲಾ, ನಿವೃತ್ತ ಶಿಕ್ಷಕಿ, ಸರಕಾರಿ ಕನ್ನಡ ಪ್ರಾಥಮಿಕ ಶಾಲೆಗಳಲ್ಲಿ ಮೂವತ್ತನಾಲ್ಕು ವರ್ಷ ಸೇವೆ ಸಲ್ಲಿಸಿದವಳು, ಮಾಡುವ ನಮಸ್ಕಾರಗಳು.

ಪರಿಚಯದವರಿಗೆ ಹೀಗೆ ಪೂರ್ಣ ಹೆಸರು, ಸೇವಾವಧಿ ಹೇಳಿ ಪತ್ರ ಬರೆಯುವುದನ್ನು ಕಂಡು ನಿಮಗೆ ನಗು ಬರಬಹುದು. ನನ್ನ ತರಗತಿಯಲ್ಲಿ ಒಂದು ನಿಯಮವಿತ್ತು. ತಪ್ಪು ಮಾಡಿದವರು ಎದ್ದು ನಿಂತು ಮೊದಲು ತಮ್ಮ ಪೂರ್ಣ ಹೆಸರು ಹೇಳಬೇಕು, ಅನಂತರ ತಪ್ಪನ್ನು ಹೇಳಬೇಕು. ನಿಮ್ಮ ಮಗಳು ಸ್ನೇಹಲಳೂ ನಾಲ್ಕನೆಯ ತರಗತಿಯಲ್ಲಿ ಒಮ್ಮೆ ಹಾಗೆ ನಿಂತಿದ್ದಳು. ಈಗ ನನ್ನ ಸರದಿ.

ಇಷ್ಟು ವರ್ಷ ನಿಮ್ಮನ್ನು ‘ನೀನು’ ಎಂದೆ. ನೀವು ನನಗಿಂತ ಮೂರು ವರ್ಷ ಹಿರಿಯರು. ಸಾಕ್ಷರತಾ ವರ್ಗದಲ್ಲಿ ನಿಮಗೆ ಅಕ್ಷರ ಕಲಿಸಿದ್ದೇನೆಂಬ ಒಂದೇ ಕಾರಣಕ್ಕೆ ಹಾಗೆ ಕರೆದೆನೇ ಎಂದು ನನ್ನನ್ನೇ ಕೇಳಿಕೊಂಡರೆ ಹೌದು ಎನ್ನಲಾರೆ. ಈ ಪತ್ರದಲ್ಲಿ ತಿದ್ದಿಕೊಳ್ಳುತ್ತೇನೆ.

ಪತ್ರವನ್ನು ಸ್ನೇಹಲಳ ಕೈಯಲ್ಲಿ ಕಳುಹಿಸುತ್ತಿದ್ದೇನೆ. ಆದರೆ ಓದಬೇಕಾದವರು ನೀವೇ. ಅಕ್ಷರ ದೊಡ್ಡದಾಗಿ ಬರೆದಿದ್ದೇನೆ, ಸಾಲುಗಳ ನಡುವೆ ಅಂತರ ಬಿಟ್ಟಿದ್ದೇನೆ. ಓದುವುದನ್ನು ಬಿಟ್ಟಿರುವಿರಂತೆ, ಅಕ್ಷರವೂ ಮರೆತುಹೋಗಿರಬೇಕು ಎನ್ನುವಿರಂತೆ. ಮರೆತಿಲ್ಲ. ನೀವು ಏನನ್ನೂ ಮರೆತಿಲ್ಲ. ಮರೆತಿದ್ದೀರಿ ಎಂದು ನಿಮ್ಮನ್ನು ನಂಬಿಸಿದವಳು ನಾನು. ಅದನ್ನು ಒಪ್ಪಿಕೊಳ್ಳುವುದಕ್ಕೇ ಬರೆಯಲು ಕುಳಿತಿದ್ದೇನೆ.

ನಡೆದದ್ದನ್ನು ಕ್ರಮವಾಗಿ ಹೇಳುತ್ತೇನೆ. ಕೆಲವು ನಿಮಗೆ ಗೊತ್ತಿರುವುದೇ, ಆದರೂ ಬಿಡುವುದಿಲ್ಲ.

ಹೋದ ವರ್ಷ ದಸರೆಯ ರಜೆಯಲ್ಲಿ ಸ್ನೇಹಲ ರಾಯಬಾಗದಿಂದ ಬಂದವಳು, ನೀವು ಹೊಲಿದ ಕೌದಿಗಳನ್ನು ಆನ್‌ಲೈನ್ ಅಂಗಡಿಯಲ್ಲಿ ಮಾರಾಟಕ್ಕೆ ಇಟ್ಟಿದ್ದಾಗಿಯೂ, ಮೂರು ತಿಂಗಳಲ್ಲಿ ಒಂದೇ ಒಂದು ಹೋಯಿತೆಂದೂ ನನ್ನ ಬಳಿ ಹೇಳಿಕೊಂಡಳು. ಇಂಥ ಅಂಗಡಿಯಲ್ಲಿ ಮಾಲಿನ ಹೆಸರು, ಚಿತ್ರ, ವಿವರ ಎಲ್ಲವನ್ನೂ ಪುಟಕ್ಕೆ ಏರಿಸಿಕೊಡುವ ಕೆಲಸವನ್ನೇ ನಿಪ್ಪಾಣಿಯ ಸಂಗ್ರಾಮ ಮಾಡುತ್ತಾನೆ. ಲಿಸ್ಟಿಂಗ್ ಎನ್ನುತ್ತಾರೆ ಅದಕ್ಕೆ. ಅವನೂ ನನ್ನ ಹಳೆಯ ವಿದ್ಯಾರ್ಥಿ. ನಾವಿಬ್ಬರೂ ಅವನಲ್ಲಿಗೆ ಹೋದೆವು. ಸ್ನೇಹಲ ತೆಗೆದ ಚಿತ್ರದಲ್ಲಿ ನಿಮ್ಮ ಹಿತ್ತಲ ಗೋಡೆಯ ಮೇಲೆ ಕೌದಿ, ಕೌದಿಯ ಮೇಲೆ ಒಂದು ಕೋಳಿ. ಅವನು ಬಹಳ ಹೊತ್ತು ನೋಡಿ, “ಅಕ್ಕೋರ, ಇದರಾಗ ಕೌದಿ ಮಾರಾಕತ್ತೀರೋ, ಕೋಳಿ ಮಾರಾಕತ್ತೀರೋ?” ಎಂದ.

ಶೀರ್ಷಿಕೆಯ ವಿಷಯದಲ್ಲಿ ನಾನು ಹಟ ಹಿಡಿದೆ. ಕೌದಿಗೆ ಕೌದಿ ಎಂದೇ ಬರೆಯಬೇಕು ಎಂದೆ. ಕೌದಿ ಎಂದು ಹುಡುಕುವವರು ನಾವು ನೀವು ಅಷ್ಟೇ, ಪುಣೆಯವರು ಗೋಧಡಿ ಎನ್ನುತ್ತಾರೆ, ದಿಲ್ಲಿಯವರು ಕ್ವಿಲ್ಟ್ ಎನ್ನುತ್ತಾರೆ, ಯಾರು ಯಾವ ಬಾಗಿಲು ಬಡಿದರೂ ತೆರೆಯಬೇಕು ಎಂದು ಅವನು ವಾದಿಸಿದ. ಮೂರೂ ಹೆಸರು ಹಾಕಿದೆವು. ಉದ್ದ ಅಗಲ ಅಳೆದು, ಯಾವ ಪದರ ಯಾವ ಬಟ್ಟೆ, ಹೇಗೆ ಒಗೆಯಬೇಕು ಎಂಬುದನ್ನೆಲ್ಲ ನಾನು ಬರೆದುಕೊಟ್ಟೆ. ಅವನು ಹಿಂದಿ, ಇಂಗ್ಲಿಷಿಗೆ ಮಾಡಿಸಿದ. ಬೆಳಗಿನ ಬಿಸಿಲಿನಲ್ಲಿ ನನ್ನ ಮನೆಯ ಮಂಚದ ಮೇಲೆ ಹೊಸ ಚಿತ್ರಗಳನ್ನು ತೆಗೆದ. ಮುಂದಿನ ತಿಂಗಳು ಒಂಬತ್ತು ಕೌದಿ ಹೋದವು. ನಿಮ್ಮ ಹೊಲಿಗೆಗಿಂತ ನನ್ನ ವಾಕ್ಯಗಳಿಂದಲೇ ಅವು ಹೋದವೆಂದು ನಾನು ಮನಸ್ಸಿನಲ್ಲಿ ಬೀಗಿದೆ.

ಆ ಪುಟದಲ್ಲಿ ತಯಾರಿಸಿದವರ ಹೆಸರಿಗೆ ಒಂದು ಸಾಲು ಇತ್ತು. ‘ನಿವೃತ್ತ ಶಿಕ್ಷಕಿ ಚಂಪಾಬಾಯಿ ಚೌಗಲಾ ಅವರ ಮೇಲ್ವಿಚಾರಣೆಯಲ್ಲಿ’ ಎಂದು ಬರೆಸಿದೆ. ಮೇಲ್ವಿಚಾರಣೆ ಯಾರದು ಎಂದು ಅಂಗಡಿಯವರು ಕೇಳಿರಲಿಲ್ಲ. ಹೊಲಿದವರು ಯಾರು ಎಂದಷ್ಟೇ ಕೇಳಿದ್ದರು.

ಕೊರಿಯರಿನವರು ಕಬ್ಬೂರಿಗೆ ಬರುವುದಿಲ್ಲವೆಂದು ಕೌದಿಗಳು ನನ್ನ ಮನೆಗೆ ಬಂದು, ಇಲ್ಲಿಂದ ಹೋಗುತ್ತಿದ್ದವು. ಕಟ್ಟುವ ಮೊದಲು ಒಂದೊಂದನ್ನೂ ಬಿಡಿಸಿ, ಉತ್ತರಪತ್ರಿಕೆ ತಿದ್ದುವವಳಂತೆ ನೋಡುತ್ತಿದ್ದೆ. ಪ್ರತಿಯೊಂದರ ಒಂದು ಮೂಲೆಯಲ್ಲಿ ಬೆರಳಿಗೆ ಏನೋ ಗಟ್ಟಿ ಸಿಗುತ್ತಿತ್ತು. ಅದೇನೆಂದು ನಿಮ್ಮನ್ನು ಕೇಳಲಿಲ್ಲ. ಕೇಳುವುದು ನನ್ನ ಅಭ್ಯಾಸವಲ್ಲ, ಪ್ರಶ್ನೆ ಹಾಕಿ ಉತ್ತರ ತಿದ್ದುವುದು ನನ್ನ ಅಭ್ಯಾಸ.

ಈ ಜೂನ್ ತಿಂಗಳಲ್ಲಿ ಪುಣೆಯಿಂದ ಒಂದು ಕೌದಿ ಮರಳಿ ಬಂತು. ಮೂಲೆಯಲ್ಲಿ ಗಂಟಿದೆ, ಒಳಗಿನ ಕಾಳಿಗೆ ಹುಳು ಹಿಡಿದಿದೆ ಎಂದು ಬರೆದು, ಸ್ಟಾರ್ ಎನ್ನುವ ಐದು ಚುಕ್ಕಿಗೆ ಒಂದೇ ಚುಕ್ಕಿ ಕೊಟ್ಟಿದ್ದರು. ನನ್ನ ಕೈಯಿಂದ ಹೋದ ಕೆಲಸಕ್ಕೆ ಐದಕ್ಕೆ ಒಂದು! ಸಂಗ್ರಾಮ ಫೋನು ಮಾಡಿದ. ಇಂಥವು ಇನ್ನೆರಡು ಬಿದ್ದರೆ ನಮ್ಮ ಮಾಲು ಇಪ್ಪತ್ತನೆಯ ಪುಟಕ್ಕೆ ಹೋಗುತ್ತದೆ, ಅಲ್ಲಿಗೆ ಹೋಗುವುದೂ ಸುಡುಗಾಡಿಗೆ ಹೋಗುವುದೂ ಒಂದೇ ಎಂದ. ಕೊನೆಗೆ ಅವನು ಹೇಳಿದ್ದನ್ನು ಇದ್ದಂತೆಯೇ ಬರೆಯುತ್ತೇನೆ: “ಅಕ್ಕೋರ, ಆ ಮುದುಕಿನ್ನ ಒಂದ ಮಾತು ಕೇಳ್ರಿ. ಸುಮ್ಮನ ಕಾಳು ಹಾಕಿರೂದಿಲ್ಲಾಕಿ.”

ನಾನು ಕೇಳಲಿಲ್ಲ. ಮೂಢನಂಬಿಕೆ ಇರಬೇಕು, ಕೇಳಿದರೆ ಚರ್ಚೆ ಬೆಳೆಯುತ್ತದೆ ಎಂದುಕೊಂಡೆ. ಮರಳಿ ಬಂದದ್ದೂ ಸೇರಿ ಹನ್ನೊಂದು ಕೌದಿ ನನ್ನ ಕಪಾಟಿನಲ್ಲಿದ್ದವು. ಬ್ಲೇಡು ಹಿಡಿದು ಹನ್ನೊಂದರ ಮೂಲೆಯನ್ನೂ ಬಿಚ್ಚಿ, ಕಾಳು ತೆಗೆದು, ಮತ್ತೆ ಹೊಲಿದೆ. ನನ್ನ ಹೊಲಿಗೆ ನಿಮ್ಮದಕ್ಕಿಂತ ನೇರವಾಗಿದೆ ಎಂದು ಸಂತೋಷಪಟ್ಟೆ. ಸಂಗ್ರಾಮನಿಗೆ ಹೇಳಿ ಪುಟದಲ್ಲಿ ‘ದೋಷರಹಿತ’ ಎಂಬ ಶಬ್ದ ಸೇರಿಸಿದೆ. ಜುಲೈ ಮುಗಿಯುವುದರೊಳಗೆ ಎಂಟು ಕೌದಿ ಹೋದವು. ಚುಕ್ಕಿಗಳು ಐದೈದೇ ಬಂದವು.

ಅವುಗಳಲ್ಲೊಂದು ಸೊಲ್ಲಾಪುರದ ಸಕ್ಕುಬಾಯಿ ಎಂಬವರ ಮನೆ ಸೇರಿತು. ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ದಿನಕ್ಕೆಂದು ತರಿಸಿದ್ದು. ಆಕೆ ಕೌದಿ ಬಲ್ಲವರು. ನಾಲ್ಕೂ ಮೂಲೆ ಮುಟ್ಟಿ ನೋಡಿ, ಪೊಟ್ಟಣದ ಮೇಲಿದ್ದ ಸ್ನೇಹಲಳ ನಂಬರಿಗೆ ಫೋನು ಮಾಡಿದರು. ಅಂದು ಭಾನುವಾರ, ಸ್ನೇಹಲ ಮನೆಯಲ್ಲಿದ್ದಳು, ಫೋನನ್ನು ನಿಮ್ಮ ಕೈಗೆ ಕೊಟ್ಟಳು. ಆಕೆ ಬೈಯಲಿಲ್ಲವಂತೆ. “ಯವ್ವಾ, ಹಸದ ಕೌದಿ ಕೂಸಿಗೆ ಹ್ಯಾಂಗ ಕೊಟ್ಟಿ?” ಎಂದಷ್ಟೇ ಕೇಳಿದರಂತೆ.

ಮರುದಿನ ನೀವು ನನ್ನ ಮನೆಗೆ ಬಂದಿರಿ. ಒಳಗೆ ಬನ್ನಿ ಎಂದು ನಾನು ಕರೆಯಲಿಲ್ಲ, ಎಂದಿನಂತೆ ನೀವು ಮೆಟ್ಟಿಲ ಮೇಲೆ ಕುಳಿತಿರಿ. ತೆಲಸಂಗದಲ್ಲಿ ನಿಮ್ಮ ತಾಯಿ ಕಲಿಸಿದ್ದನ್ನು ಆ ದಿನ ನನಗೆ ಮೊದಲ ಸಲ ಹೇಳಿದಿರಿ. ಕೊನೆಯ ಮೂಲೆ ಮುಚ್ಚುವ ಮುನ್ನ ಕೌದಿಯ ಹೊಟ್ಟೆ ತುಂಬಬೇಕು, ಐದು ಕಾಳು ಜೋಳ ಹಾಕಬೇಕು. ತಾನು ಉಂಡ ಕೌದಿ ಹೊದ್ದವರನ್ನು ಹಸಿಯಗೊಡುವುದಿಲ್ಲ. ಹೊಟ್ಟೆ ತುಂಬದೆ ಮುಚ್ಚುವುದು ಹೆಣದ ಕೆಳಗೆ ಹಾಸುವ ಕೌದಿಗೆ ಮಾತ್ರ. ಇಷ್ಟು ಹೇಳಿ ನಿಮ್ಮ ಎರಡೂ ಅಂಗೈಗಳನ್ನು ನೋಡಿಕೊಂಡಿರಿ.

“ಅಕ್ಕೋರ, ಹಾಕೀನಿ ಅಂತ ಕೈ ಹೇಳತೈತ್ರಿ. ತಲಿ ಮಾತ್ರ ಹೌದೋ ಅಲ್ಲೋ ಅನ್ನಾಕತ್ತೈತಿ. ನೀವು ಕಟ್ಟೂ ಮುಂದ ನೋಡಿರೇನ್ರಿ?”

ಕಾಳುಗಳ ಲಕೋಟೆ ನನ್ನ ಬೆನ್ನ ಹಿಂದಿನ ಕಪಾಟಿನಲ್ಲಿತ್ತು. ನಾನು ಹೇಳಿದ್ದು ನಿಮಗೆ ನೆನಪಿರಬಹುದು. “ವಯಸ್ಸಾತಲ್ಲ ಸುಂದ್ರವ್ವ, ಮರೀತೈತಿ ಬಿಡು.”

ಶಾಲೆಯ ಕನ್ನಡ ಬಿಟ್ಟು ಬೇರೆ ಕನ್ನಡದಲ್ಲಿ ನಾನು ನಿಮ್ಮೊಡನೆ ಎಂದೂ ಮಾತನಾಡಿದವಳಲ್ಲ. ಸುಳ್ಳು ಹೇಳಬೇಕಾದಾಗ ಎಷ್ಟು ಸಲೀಸಾಗಿ ನಿಮ್ಮವಳಾದೆ ನೋಡಿ.

ನೀವು ತಲೆಯಾಡಿಸಿ ಎದ್ದು ಹೋದಿರಿ. ಎರಡು ದಿನ ಬಿಟ್ಟು ಹೇಳಿದರಾಯಿತು ಎಂದುಕೊಂಡೆ. ಎರಡು ದಿನ ನಾಲ್ಕು ತಿಂಗಳಾಯಿತು. ನೀವು ಸೂಜಿಯನ್ನು ಡಬ್ಬಿಗೆ ಹಾಕಿ ಮುಚ್ಚಿಟ್ಟಿರಿ ಎಂದು ಕೇಳಿದೆ, ಸುಮ್ಮನಿದ್ದೆ. ಒಲೆ ಆರಿಸಿದೆನೇ ಎಂದು ಮೂರು ಮೂರು ಸಲ ಎದ್ದು ನೋಡುವಿರೆಂದು ಕೇಳಿದೆ, ಆಗಲೂ ಸುಮ್ಮನಿದ್ದೆ. ಹೋದ ಭಾನುವಾರ ಸ್ನೇಹಲ ಬಂದು, ನಿಮ್ಮನ್ನು ಮಿರಜಿನ ಡಾಕ್ಟರರಿಗೆ ತೋರಿಸಿದ್ದನ್ನು ಹೇಳಿದಳು. ನೂರರಿಂದ ಏಳೇಳು ಕಳೆಯುತ್ತ ಹೋಗಿ ಎಂದು ಅವರು ಕೇಳಿದಾಗ ನೀವು, “ಕೂಡಸೂದು ಬರತೈತ್ರಿ, ಕಳಿಯೂದು ಎದಕ್ಕರಿ?” ಎಂದಿರಂತೆ. ಹೇಳುತ್ತ ಅವಳು ನಕ್ಕಳು, ನಗುತ್ತಲೇ ಅತ್ತಳು. ಡಾಕ್ಟರರು ಏನೂ ರೋಗವಿಲ್ಲ ಎಂದರೂ ನೀವು ನಂಬುತ್ತಿಲ್ಲವಂತೆ. “ಅವ್ವಗ ಡಾಕ್ಟರಕ್ಕಿಂತ ನಿಮ್ಮ ಮಾತು ದೊಡ್ಡದರಿ. ಮರೀತೈತಿ ಅಂತ ಅಕ್ಕೋರ ಹೇಳ್ಯಾರ ಅಂತಾಳ” ಎಂದಳು.

ಅವಳು ಹೋದ ಮೇಲೆ ಲಕೋಟೆ ತೆಗೆದು ಕಾಳುಗಳನ್ನು ಮೇಜಿನ ಮೇಲೆ ಸುರಿದು ಎಣಿಸಿದೆ. ಹುಳು ತಿಂದು ಹಗುರಾದವನ್ನೂ ಬಿಡಲಿಲ್ಲ. ಹನ್ನೊಂದು ಕೌದಿಗೆ ಐದೈದರಂತೆ ಐವತ್ತೈದು ಇರಬೇಕು. ಮೂರು ಸಲ ಎಣಿಸಿದೆ. ಐವತ್ತೈದೇ ಇವೆ. ಬಿಚ್ಚಿದಾಗಲೂ ಕಂಡಿದ್ದೆ, ಒಂದು ಮೂಲೆಯಲ್ಲೂ ನಾಲ್ಕಿರಲಿಲ್ಲ, ಒಂದರಲ್ಲೂ ಆರಿರಲಿಲ್ಲ. ನನ್ನ ಸೇವೆಯಲ್ಲಿ ಎಷ್ಟೋ ಸಾವಿರ ಪತ್ರಿಕೆ ತಿದ್ದಿದ್ದೇನೆ. ಇಷ್ಟು ತಪ್ಪಿಲ್ಲದ ಉತ್ತರ ನೋಡಿಲ್ಲ. ಅದಕ್ಕೆ ನಾನು ಸೊನ್ನೆ ಹಾಕಿದೆ.

ಈ ವಾರ ನಾನು ಮಾಡಿದ್ದು ಇಷ್ಟು. ಸಕ್ಕುಬಾಯಿಯವರಿಗೆ ಫೋನಿನಲ್ಲಿ ನಿಜ ಹೇಳಿದೆ. ಆ ಕೌದಿಯನ್ನು ತಾವು ಕೂಸಿಗೆ ಹೊದಿಸಿಲ್ಲವೆಂದೂ, ಹೊಲಿದಾಕೆಯ ಕೈಯಿಂದಲೇ ಹೊಟ್ಟೆ ತುಂಬಿಸಿಕೊಂಡು ಬರಲೆಂದು ಎತ್ತಿಟ್ಟಿರುವುದಾಗಿಯೂ ಅವರು ಹೇಳಿದರು. ಉಳಿದ ಏಳು ಮನೆಗಳಿಗೂ ಸಂಗ್ರಾಮನ ಮೂಲಕ ತಿಳಿಸಿದ್ದೇನೆ. ‘ದೋಷರಹಿತ’ ಎಂಬುದನ್ನು ತೆಗೆಸಿದ್ದೇನೆ. ಮೂಲೆಯಲ್ಲಿ ಏನಿರುತ್ತದೆ, ಏಕಿರುತ್ತದೆ ಎಂದು ಎರಡು ಸಾಲು ಬರೆದಿದ್ದೇನೆ. ಆದರೆ ಪುಟಕ್ಕೆ ಏರಿಸಿಲ್ಲ. ಅದನ್ನು ನೀವು ಓದಿ, ತಪ್ಪಿದ್ದಲ್ಲಿ ಗೆರೆ ಎಳೆದು ಕಳುಹಿಸಬೇಕು. ಹುಳು ಹಿಡಿಯದಂತೆ ಕಾಳನ್ನು ಹುರಿದು ಹಾಕಬಹುದೇ ಎಂದು ಸಂಗ್ರಾಮ ಕೇಳಿದ್ದಾನೆ. ಆಗುತ್ತದೆಯೋ ಇಲ್ಲವೋ ನಿಮ್ಮ ತೀರ್ಮಾನ. ಈ ಸಲ ಕೇಳುತ್ತಿದ್ದೇವೆ.

ಕಬ್ಬೂರ ದೂರವೇನಲ್ಲ, ನಾನೇ ಬರಬಹುದಿತ್ತು. ಆದರೆ ಎದುರು ನಿಂತರೆ ಮತ್ತೆ ಉಪದೇಶ ಶುರುಮಾಡಿ ತಪ್ಪನ್ನು ಅದರೊಳಗೆ ಮುಚ್ಚಿಬಿಡುತ್ತೇನೆ. ನನ್ನ ಗುಣ ನನಗೆ ಗೊತ್ತು. ಕಾಗದದ ಮೇಲೆ ಮುಚ್ಚಲಾಗುವುದಿಲ್ಲ. ಸ್ನೇಹಲಳಿಗೂ ಓದಲು ಕೊಡಿ. ಕ್ಷಮಿಸಿ ಎಂದು ಬರೆದು ಎರಡು ಸಲ ಹೊಡೆದುಹಾಕಿದ್ದೇನೆ, ಅದು ನಾನು ಕೇಳಿ ಪಡೆಯುವ ಅಂಕವಲ್ಲ. ನೀವು ಸೂಜಿಯ ಡಬ್ಬಿ ತೆರೆದಿರಿ ಎಂದು ಸ್ನೇಹಲ ಹೇಳಿದರೆ ನನಗೆ ಅಷ್ಟು ಸಾಕು.

ಇಂತು,
ಚಂಪಾಬಾಯಿ ಬಾಪುಸಾಹೇಬ ಚೌಗಲಾ

ತಾ.ಕ.: ಮೇಲೆ ಒಂದನ್ನು ಮುಚ್ಚಿಟ್ಟೆ. ಕಾಗದದ ಮೇಲೆ ಮುಚ್ಚಲಾಗುವುದಿಲ್ಲ ಎಂದು ಬರೆದ ಕೈಯಿಂದಲೇ ಮುಚ್ಚಿಟ್ಟೆ. ನಾನು ಮೊದಲು ಬಿಚ್ಚಿದ್ದು ಆ ಹನ್ನೊಂದರಲ್ಲಿ ಒಂದನ್ನಲ್ಲ. ೨೦೦೯ರಲ್ಲಿ ನಾನು ನಿವೃತ್ತಳಾದ ದಿನ ನೀವೊಂದು ಕೌದಿ ತಂದುಕೊಟ್ಟಿರಿ. ಅಂದು ಸಂಜೆಯೇ ಮೂಲೆಯ ಗಂಟು ಬೆರಳಿಗೆ ಸಿಕ್ಕಿತ್ತು. ಆಗ ಚುಕ್ಕಿಯೂ ಇರಲಿಲ್ಲ, ಗಿರಾಕಿಯೂ ಇರಲಿಲ್ಲ. ನಿಮ್ಮ ಓಣಿಯ ಕೈ ಅದರೊಳಗೆ ಏನಿಟ್ಟಿದೆಯೋ ಎಂದು ಅಂಜಿ, ಮೂಲೆ ಕತ್ತರಿಸಿ, ಒಳಗಿದ್ದುದನ್ನು ಕಾಗದದಲ್ಲಿ ಸುತ್ತಿ, ಬಚ್ಚಲ ಒಲೆಗೆ ಹಾಕಿದೆ. ಕೈ ತೊಳೆದುಕೊಂಡೆ. ಐದು ಕಾಳು ಜೋಳವೆಂದು ಕಣ್ಣಾರೆ ಕಂಡ ಮೇಲೆಯೇ ತೊಳೆದುಕೊಂಡೆ. ಎಂಟು ಚಳಿಗಾಲ ಆ ಕೌದಿಯನ್ನೇ ಹೊದ್ದಿದ್ದೇನೆ.

ಇದರೊಡನೆ ಕಳುಹಿಸಿದ ಕಾಗದಪತ್ರಗಳು, ವಸ್ತುಗಳು:

೧. ಆನ್‌ಲೈನ್ ಅಂಗಡಿಯ ಪುಟದ ಹಳೆಯ ಪ್ರತಿ, ನನ್ನ ಹೆಸರಿರುವುದು.
೨. ಅದೇ ಪುಟದ ಹೊಸ ಪ್ರತಿ. ಹೊಲಿದವರು: ಸುಂದ್ರವ್ವ ಜಕ್ಕಪ್ಪ ಕಾಂಬಳೆ, ಕಬ್ಬೂರ. ಮೂಲೆಯ ಬಗ್ಗೆ ಬರೆದ ಎರಡು ಸಾಲು ಪೆನ್ಸಿಲಿನಲ್ಲಿವೆ. ತಿದ್ದಲು ಕೆಂಪು ಪೆನ್ನು ಜೊತೆಗಿದೆ.
೩. ಎಂಟು ಮನೆಗಳ ವಿಳಾಸ.
೪. ಲಕೋಟೆ ಒಂದು, ಜೋಳದ ಕಾಳು ಐವತ್ತೈದು. ದಯವಿಟ್ಟು ನೀವೇ ಎಣಿಸಿಕೊಳ್ಳಿ.
೫. ಮಾರಾಟವಾಗದೆ ಉಳಿದ ಕೌದಿ ಮೂರು.
೬. ನನ್ನ ಕೌದಿ ಒಂದು. ಮೂಲೆ ಬಿಚ್ಚಿಟ್ಟಿದ್ದೇನೆ. ಒಳಗೆ ಏನೂ ಇಲ್ಲ.